ಕೆರೆನೀಲಿ, ಹಾಲುನೀಲಿ

ಹೋದ ವಾರ ಪಕ್ಕದ ಮನೆಯವರು ಗೋಡೆಗೆ ಬಣ್ಣ ಹೊಡೆಸಲು ಶುರುಮಾಡಿದರು. ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಸಾಕು, ಹಸಿ ಪೇಂಟಿನ ವಾಸನೆ ನುಗ್ಗಿ ಒಗ್ಗರಣೆಯ ಘಮವನ್ನೂ ನುಂಗಿಬಿಡುತ್ತಿತ್ತು. ಕಿಟಕಿ ಮುಚ್ಚಲು ಹೋದವಳು ಚಿಲಕ ಹಿಡಿದು ಅಲ್ಲೇ ನಿಂತೆ. ಹಳೆಯ ಒಂದು ತಳಮಳ ನೆನಪಾಯಿತು. ಸಂಕಟವೂ ಅಲ್ಲ, ಸಂತೋಷವೂ ಅಲ್ಲ. ಕೊನೆಯ ಬಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡುತ್ತೇವಲ್ಲ, ಅಂಥದ್ದು. ಹಿಂದೊಮ್ಮೆ ಒಂದು ಆಷಾಢ ಪೂರ್ತಿ ನಾನು ಹಾಗೇ ಇದ್ದೆ.

ಆಗ ನಾನು ಬೇಲೂರಿನ ಒಂದು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆ. ವಾಸ ಅರಸೀಕೆರೆಯಲ್ಲಿ, ತಮ್ಮ ಮಹೇಶನ ಮನೆಯಲ್ಲಿ. ಮಗಳು ಸಿಂಧು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದಾಗ ನನ್ನ ಯಜಮಾನರು ತೀರಿಕೊಂಡರು. ಮಹೇಶ ಎರಡನೇ ಮಾತಾಡದೆ ನಮ್ಮಿಬ್ಬರನ್ನೂ ಮನೆಗೆ ಕರೆತಂದ. ಅವನದು ಕೊಬ್ಬರಿ ವ್ಯಾಪಾರ, ಮಾತು ಒರಟು, ಮನಸ್ಸು ಒಳ್ಳೆಯದು. ಸಿಂಧುವಿನ ಓದಿಗೆ, ನನ್ನ ಕಾಯಿಲೆ ಕಸಾಲೆಗೆ ಅವನು ಒಂದು ದಿನವೂ ಮುಖ ಗಂಟು ಹಾಕಿದವನಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಜಾವಗಲ್ಲು, ಹಳೇಬೀಡು ದಾಟಿ ಬೇಲೂರಿಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸಾಗುವುದು. ಸಿಂಧು ಹಾಸನದ ಹಾಸ್ಟೆಲಿಗೆ ಸೇರಿದ ಮೇಲೆ ಆ ದಾರಿ ಇನ್ನೂ ಉದ್ದವಾಯಿತು.

ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಸದಾಶಿವ ಅಂತ ಒಬ್ಬರು ಟಿಸಿ ಇದ್ದರು. ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಕೂಗುವ ಕೆಲಸ. ಹಳೇಬೀಡಿನವರು, ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಐವತ್ತು ದಾಟಿದವರು. ಮೊದಮೊದಲು "ಮೇಡಂ, ನಿಮ್ಮ ಗಾಡಿ ಲೇಟು" ಅನ್ನುವಷ್ಟೇ ಮಾತು. ಆಮೇಲೆ ಒಂದು ಸಂಜೆ ಅರಸೀಕೆರೆ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಅವರು ಎರಡು ಟೀ ತಂದು, ಒಂದನ್ನು ನನ್ನ ಪಕ್ಕದ ಕಲ್ಲುಬೆಂಚಿನ ಮೇಲಿಟ್ಟರು.

"ಒಂದು ಮಾತು ಕೇಳ್ಲಾ ಮೇಡಂ? ಬೇಜಾರಾದ್ರೆ ಕೇಳೇ ಇಲ್ಲ ಅಂತ ಅಂದ್ಕೊಂಡ್ಬಿಡಿ."

"ಕೇಳಿ."

"ದಿನಾ ಈ ಬಸ್ಸಿಗೆ ಕಾಯೋದು ತಪ್ಪಿ, ನೀವು ಈ ಊರಲ್ಲೇ ಇರೋ ಹಾಗಾದ್ರೆ... ನನ್ನ ಜೊತೆ ಅಂತ ನಾನು ಹೇಳ್ತಿರೋದು."

ಅಷ್ಟು ಹೇಳಿದವರೇ ಎದ್ದು ಹೋಗಿ ಮೈಕಿನಲ್ಲಿ ಚಿಕ್ಕಮಗಳೂರು ಗಾಡಿ ಬಂದಿದೆ ಎಂದು ಕೂಗಿದರು. ನಾನು ಟೀ ಕುಡಿದು ಮುಗಿಸಿದೆ. ಉತ್ತರ ಕೊಡಲು ಮಾತ್ರ ಒಂದಿಡೀ ಬೇಸಿಗೆ ಬೇಕಾಯಿತು.

ಹೂಂ ಅಂದ ಮೇಲೆ ಕೆಲಸಗಳು ಬೇಗ ಬೇಗ ಆದವು. ಯಗಚಿ ಸೇತುವೆಯ ಆಚೆ ಒಂದು ಹಳೆಯ ಚಿಕ್ಕ ಮನೆ ಸಿಕ್ಕಿತು. ಇಬ್ಬರೂ ಸೇರಿ ಕೊಂಡೆವು, ಇಬ್ಬರ ಹೆಸರಿಗೂ ರಿಜಿಸ್ಟರ್ ಆಯಿತು. ಮನೆಗೆ ಬಣ್ಣ ಹೊಡೆಸಿ, ಹಾಲುಕ್ಕಿಸಿ, ಶ್ರಾವಣದಲ್ಲಿ ರಿಜಿಸ್ಟ್ರಾರ್ ಕಚೇರಿಯಲ್ಲೇ ಮದುವೆ ನೋಂದಾಯಿಸುವುದೆಂದು ಮಾತಾಯಿತು. ಹೆಂಚು ಸರಿಯಾಯಿತು, ಗೋಡೆಯ ಬಿರುಕು ಮುಚ್ಚಿತು. ಪೇಂಟರ್ ರಫೀಕ್ ಪುಟ್ಟಿ ಹಚ್ಚಿ, ಉಜ್ಜಿ, ಪ್ರೈಮರ್ ಹೊಡೆದು ಮುಗಿಸಿದ. ಉಳಿದದ್ದು ಬಣ್ಣ ಒಂದೇ. ಎಲ್ಲ ಅಲ್ಲಿಗೆ ಬಂದು ನಿಂತುಬಿಟ್ಟಿತು.

"ಹಾಲ್‌ಗೆ ಯಾವ ಬಣ್ಣ ಅಂತ ನೀವೇ ಆರಿಸಿ" ಎಂದರು ಸದಾಶಿವ.

ಅದು ಎಂಥ ದೊಡ್ಡ ಮಾತು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಅಪ್ಪನ ಮನೆಯಲ್ಲಿ ಯುಗಾದಿ ಬಂತೆಂದರೆ ಸುಣ್ಣ, ಅದರಲ್ಲಿ ಆರಿಸುವುದೇನೂ ಇರಲಿಲ್ಲ. ಗಂಡನ ಮನೆಯ ಗೋಡೆಗಳಿಗೆ ಅತ್ತೆಗೆ ಹಿಡಿಸಿದ ಕೆನೆಬಣ್ಣ. ಮಹೇಶನ ಮನೆಗೆ ಅವನ ಹೆಂಡತಿ ಆರಿಸಿದ ಗುಲಾಬಿ. ಯಾವ ಗೋಡೆಗೆ ಯಾವ ಬಣ್ಣ ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಬೇಕಿತ್ತು ಎಂದು ನನಗೂ ಹೊಳೆದಿರಲಿಲ್ಲ.

ನನಗೆ ತಂಪಾದ ನೀಲಿ ಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ಪೇಂಟ್ ಅಂಗಡಿಯವರು ಶೇಡ್ ಕಾರ್ಡ್ ಬಿಡಿಸಿ ಮುಂದಿಟ್ಟಾಗ ನೀಲಿಯೇ ಒಂದು ಊರಿನಷ್ಟಿತ್ತು. ಬಿಡುತ್ತಾ ಬಿಡುತ್ತಾ ಎರಡಕ್ಕೆ ಇಳಿದೆ. ಕಾರ್ಡಿನ ಮೇಲಿದ್ದ ಇಂಗ್ಲಿಷ್ ಹೆಸರು ನಾಲಿಗೆಗೆ ಹತ್ತಲಿಲ್ಲ, ನಾನೇ ಹೆಸರಿಟ್ಟುಕೊಂಡೆ. ಒಂದರಲ್ಲಿ ಚೂರೇ ಚೂರು ಬೂದಿ ಬೆರೆತಿತ್ತು, ಮೋಡ ಕವಿದಾಗ ಬಸ್ಸಿನಿಂದ ಕಾಣುವ ಹಳೇಬೀಡಿನ ಕೆರೆಯ ಹಾಗೆ. ಅದು ಕೆರೆನೀಲಿ. ಇನ್ನೊಂದು ಅದಕ್ಕಿಂತ ಒಂದು ಕೂದಲೆಳೆ ಬೆಳ್ಳಗೆ, ಹಾಲಿಗೆ ಬಟ್ಟೆಗೆ ಹಾಕುವ ನೀಲಿ ಒಂದು ಹನಿ ಬಿದ್ದಂತೆ. ಅದು ಹಾಲುನೀಲಿ. ಎರಡನ್ನೂ ಚಿಕ್ಕ ಡಬ್ಬಿಯಲ್ಲಿ ಕಲಸಿಸಿ ತಂದು, ಹಾಲ್‌ನ ಗೋಡೆಯ ಮೇಲೆ ಅಕ್ಕಪಕ್ಕ ಒಂದೊಂದು ಚೌಕ ಹೊಡೆಸಿದೆ.

ರಫೀಕ್ ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ. "ಮೇಡಂ, ನಂಗೇನೋ ಎರಡೂ ಒಂದೇ ಕಾಣ್ತವೆ."

"ಒಂದೇ ಅಲ್ಲ ರಫೀಕ್, ಸರಿಯಾಗಿ ನೋಡಪ್ಪ."

"ನಿಮ್ಗೆ ಬೇರೆ ಕಂಡ್ರೆ ಬೇರೇನೇ ಬಿಡಿ. ಹೇಳಿ, ನಾಳೆನೇ ರೋಲರ್ ಹಿಡೀತೀನಿ."

ನಾಳೆ ಅಂದದ್ದು ನಾಳಿದ್ದಾಯಿತು. ಶಾಲೆಯಲ್ಲಿ ಬಿಡುವಿನಲ್ಲಿ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಓಡಿಬರುತ್ತಿದ್ದೆ. ಮಧ್ಯಾಹ್ನದ ಬೆಳಕಿನಲ್ಲಿ ಕೆರೆನೀಲಿ ಎದ್ದು ಕಾಣುತ್ತಿತ್ತು, ಅದೇ ಸರಿ ಎಂದುಕೊಂಡು ಹೋಗುತ್ತಿದ್ದೆ. ಸಂಜೆ ಬಸ್ಸಿಗೆ ಮುಂಚೆ ಇನ್ನೊಂದು ಸಲ ಬಂದರೆ ಮೋಡ ಕವಿದು ಎರಡೂ ಒಂದರೊಳಗೊಂದು ಕರಗಿ ನಿಂತಿರುತ್ತಿದ್ದವು. ಆಷಾಢದ ಗಾಳಿ ಬೀಸುತ್ತಿತ್ತು. ಮಳೆ ಎಂಬ ಮಳೆಯೂ ಅಲ್ಲ, ಬಿಸಿಲೂ ಅಲ್ಲ, ಎಡೆಬಿಡದ ಜಿನುಗು. ಕೊಡೆ ಬಿಚ್ಚುವುದೋ ಬೇಡವೋ ತಿಳಿಯದಂಥದ್ದು. ನನ್ನ ಮನಸ್ಸೂ ಹಾಗೇ. ಕಚೇರಿಯಲ್ಲಿ ಹಾಜರಿ ಬರೆಯುತ್ತಾ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಅನ್ನ ಸೇರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು ಕೆರೆನೀಲಿ. ಮೊದಲ ದಿನವೇ ಅದು ಗೊತ್ತಿತ್ತು. ತಡೆದದ್ದು ಸದಾಶಿವರ ಮೌನ. ಡ್ಯೂಟಿ ಮುಗಿಸಿ ಮನೆ ನೋಡಲು ಬಂದಾಗಲೆಲ್ಲ ನಾನು ಕೇಳುತ್ತಿದ್ದೆ.

"ಯಾವುದು ಹೇಳಿ?"

"ನಿಮಗೆ ಯಾವುದು ಹಿಡಿಸುತ್ತೋ ಅದು."

"ನಿಮಗೆ?"

"ನನಗೇನು, ಎರಡೂ ಚೆನ್ನಾಗಿವೆ."

ಅಷ್ಟು ಹೇಳಿ ನಲ್ಲಿ ನೋಡುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಹಾಲ್‌ನಲ್ಲಿ ನಿಂತರೂ ಆ ಚೌಕಗಳಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಹಾಕಿ ನಿಲ್ಲುತ್ತಿದ್ದರು. ಮಾತು ಕಡಿಮೆಯಾಯಿತು. ಟೀ ಕುಡಿಯಲು ಕರೆದರೆ ಹೊರಗೆ ಜಗಲಿಯಲ್ಲೇ ಕುಡಿಯೋಣ ಅನ್ನುತ್ತಿದ್ದರು. ಇವರ ಮನಸ್ಸು ತಿರುಗಿದೆ, ಹೇಳಲು ಸಂಕೋಚ, ನಾನಾಗೇ ಬಿಡಲಿ ಅಂತ ಕಾಯುತ್ತಿದ್ದಾರೆ ಎಂದುಕೊಂಡೆ. ಈ ವಯಸ್ಸಿನಲ್ಲಿ ಮದುವೆಗೆ ಹೊರಟವಳಿಗೆ ಅನುಮಾನ ಬರಲು ಎಷ್ಟು ಹೊತ್ತು?

ಅತ್ತ ಅರಸೀಕೆರೆಯಲ್ಲಿ ಮಹೇಶ ನನ್ನ ಜೊತೆ ಮಾತು ಬಿಟ್ಟಿದ್ದವನು ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟ.

"ಏನಕ್ಕಾ, ಇಲ್ಲಿ ನಿಂಗೇನ್ ಕಮ್ಮಿ ಮಾಡಿದೀನಿ?"

"ಏನೂ ಕಮ್ಮಿ ಮಾಡಿಲ್ಲ ಕಣೋ."

"ಮತ್ತೆ? ಆ ಟಿಸಿ ಏನ್ ಮಂತ್ರ ಹಾಕವ್ನೆ ನಿಂಗೆ? ಸಿಂಧು ಮದ್ವೆ ಮಾಡೋ ಹೊತ್ತಲ್ಲಿ ನೀನೇ ಮದ್ವೆ ಆಗ್ತೀನಿ ಅಂತೀಯ. ಅಂಗ್ಡಿ ಮುಂದೆ ನಾಕ್ ಜನ ಕೇಳಿದ್ರೆ ಏನ್ ಹೇಳ್ಲಿ?"

ನಮ್ಮಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗಲು ಅಡ್ಡಿಯಿಲ್ಲ ಎಂದು ಮಠದಲ್ಲಿ ಹೇಳುವುದನ್ನು ಕೇಳುತ್ತಲೇ ಬೆಳೆದವರು ನಾವಿಬ್ಬರೂ. ಮಠದಲ್ಲಿ ಕೂತು ತಲೆಯಾಡಿಸುವುದು ಬೇರೆ, ಸ್ವಂತ ಅಕ್ಕನ ವಿಷಯವಾದಾಗ ಬೇರೆ. ಮಹೇಶನ ಹೆಂಡತಿ ಪಲ್ಯದ ಪಾತ್ರೆ ಹಿಡಿದು ನಿಂತೇ ಇದ್ದಳು. ನಾನು ಕೈ ತೊಳೆದುಕೊಂಡೆ.

ಸಿಂಧುವಿನದು ಇನ್ನೊಂದು ಬಗೆ. ಅವಳು ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಫೋನಿನಲ್ಲಿ ಪರೀಕ್ಷೆ, ಊಟ, ನೆಗಡಿ ಇಷ್ಟೇ ಮಾತು. ಒಂದು ಭಾನುವಾರ ನಾನೇ ಬಣ್ಣದ ಸುದ್ದಿ ತೆಗೆದು, ಎರಡೂ ಚೌಕಗಳ ಫೋಟೋ ಕಳಿಸಿ, ಯಾವುದು ಚೆಂದ ಎಂದು ಕೇಳಿದೆ.

"ಅಮ್ಮಾ, ಆ ಗೋಡೆ ಮೇಲೆ ಅಪ್ಪನ ಫೋಟೋ ಇರುತ್ತಾ?"

"ನೋಡೋಣ ಮಗಳೇ" ಅಂದೆ. ಅವಳು "ಸರಿ" ಎಂದು ಇಟ್ಟುಬಿಟ್ಟಳು. ಈ ಪ್ರಶ್ನೆಯನ್ನು ಸದಾಶಿವರ ಮುಂದಿಡುವ ಧೈರ್ಯ ಬರದೆ ದಿನ ತಳ್ಳಿದೆ.

ಶನಿವಾರ ರಫೀಕನ ತಾಳ್ಮೆ ಮುಗಿಯಿತು. "ಮೇಡಂ, ಅರೇಹಳ್ಳಿ ಕಡೆ ಒಂದು ತೋಟದ ಮನೆ ಕೆಲ್ಸ ಬಂದೈತೆ. ಸೋಮವಾರದೊಳ್ಗೆ ನೀವು ಹೇಳದಿದ್ರೆ ನಾನು ಅಲ್ಲಿಗೆ ಹೋಗ್ತೀನಿ. ಅಲ್ಲಿಂದ ಬರೋದು ದೀಪಾವಳಿಗೆ."

ದೀಪಾವಳಿ ಅಂದರೆ ಶ್ರಾವಣ ಹೋಯಿತು, ಮದುವೆಯೂ ಹೋಯಿತು. ಅವತ್ತು ಶಾಲೆ ಅರ್ಧ ದಿನ. ನೇರ ಬಸ್‌ಸ್ಟ್ಯಾಂಡಿಗೆ ಹೋದೆ. ಸದಾಶಿವರಿಗೆ ವಾರದ ರಜೆ, ಮೈಕಿನಲ್ಲಿ ಬೇರೆ ಯಾರದೋ ಧ್ವನಿ. ಎದುರಿಗಿದ್ದ ಬಸ್ಸು ಹತ್ತಿ ಹಳೇಬೀಡಿಗೆ ಟಿಕೆಟ್ ತೆಗೆದುಕೊಂಡೆ. ಅವರ ಮನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ವಾಕ್ಯವನ್ನು ತಿರುಗಿಸಿ ಮುರುಗಿಸಿ ಹೇಳಿಕೊಳ್ಳುತ್ತಿದ್ದೆ: ಬೇಡವಾಗಿದ್ದರೆ ಬೇಡ ಅಂತ ಬಾಯಿಬಿಟ್ಟು ಹೇಳಿಬಿಡಿ.

ಕೆರೆ ಏರಿಯ ಹಿಂದಿನ ಬೀದಿಯಲ್ಲಿ ಕೇಳಿಕೊಂಡು ಹೋದೆ. ಪಕ್ಕದ ಮನೆಯ ಅಜ್ಜಿ ಜೋಳ ಬಿಡಿಸುತ್ತಾ ಕೂತಿತ್ತು. "ಸದಾಶಿವಣ್ಣನಾ? ಒಳಗವ್ರೆ ಹೋಗವ್ವ. ಬೆಳಗ್ಗಿಂದ ಆ ರೂಮ್ನಾಗೆ ಅದೇನೋ ಕುಟ್ತಾ ಅವ್ರೆ."

ಬಾಗಿಲು ತೆರೆದೇ ಇತ್ತು. ಕರೆದರೆ ಕೇಳಿಸಲಿಲ್ಲ, ಒಳಗಿನಿಂದ ಕಬ್ಬಿಣದ ಸದ್ದು ಬರುತ್ತಿತ್ತು. ನಡುಮನೆ ದಾಟಿ ಆ ಕೋಣೆಯ ಹೊಸ್ತಿಲ ಮೇಲೆ ನಿಂತೆ. ಸದಾಶಿವ ನೆಲದ ಮೇಲೆ ಕೂತು, ಆಸ್ಪತ್ರೆಯಲ್ಲಿರುತ್ತದಲ್ಲ ಅಂಥ ತಲೆಯ ಕಡೆ ಎತ್ತರಿಸುವ ಕಬ್ಬಿಣದ ಮಂಚದ ನಟ್ಟು ಬಿಚ್ಚುತ್ತಿದ್ದರು. ಸುತ್ತ ನಾಲ್ಕೂ ಗೋಡೆ ಕೆರೆನೀಲಿ. ಅಂಗಡಿಯ ಅದೇ ಶೇಡೋ ಅಲ್ಲವೋ, ನನ್ನ ಕಣ್ಣಿಗೆ ಅದೇ. ಒಂದು ಗೋಡೆಯ ಮೇಲೆ, ಕುರ್ಚಿಯ ಬೆನ್ನು ತಾಗಿ ತಾಗಿ ಬಣ್ಣ ಸವೆದು, ಬೆಳ್ಳನೆಯ ಗೀರು ಬಿದ್ದಿತ್ತು.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಎದ್ದು ನಿಲ್ಲಲಿಲ್ಲ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯ ನನಗೆ ಮರೆತೇಹೋಯಿತು.

"ಲಲಿತಾ ಇಲ್ಲೇ ಮಲಗಿದ್ದದ್ದು" ಎಂದರು. "ಅವಳಿಗೆ ಹುಷಾರು ತಪ್ಪಿದಾಗ ಕೋಣೆಗೆ ತಂಪು ಬಣ್ಣ ಹೊಡೆಸಿದ್ರೆ ಒಳ್ಳೇದು ಅಂತ ಯಾರೋ ಅಂದ್ರು. ನಾನೇ ಹೋಗಿ ತಂದೆ. ಕೊನೇ ಕೊನೇಲಿ ಅವಳ ಮುಖ ನೋಡಕ್ಕಾಗ್ತಿರ್ಲಿಲ್ಲ ನನಗೆ. ಗೋಡೆ ನೋಡ್ಕೊಂಡೇ ಕೂತಿರ್ತಿದ್ದೆ."

ಜಾಗ ಕಾಣದೆ ನಾನು ಹೊಸ್ತಿಲ ಮೇಲೇ ಕೂತೆ.

"ಮೊದಲನೇ ದಿನವೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಆ ಕ್ಷಣಕ್ಕೇ ಬಿಟ್ಟುಬಿಡ್ತಿದ್ರಿ. ಎಲ್ಲಾ ಕಡೆ ಬಿಟ್ಕೊಟ್ಟೇ ಬಂದಿದೀರಿ ನೀವು. ಇದೊಂದಾದ್ರೂ ನಿಮ್ಮಿಷ್ಟದ ಹಾಗೆ ಆಗ್ಲಿ ಅಂತ ಸುಮ್ನಿದ್ದೆ. ನನಗೆ ಅಭ್ಯಾಸ ಆಗುತ್ತೆ ಅಂದ್ಕೊಂಡೆ."

"ಹೀಗೆ ಬೆನ್ನು ಹಾಕ್ಕೊಂಡು ನಿಂತ್ಕೊಂಡೇ ಅಭ್ಯಾಸ ಮಾಡ್ಕೋತಿದ್ರಾ?"

ಅವರು ನಗಲು ನೋಡಿದರು, ಆಗಲಿಲ್ಲ. ನನಗೆ ಕನಿಕರಕ್ಕಿಂತ ಹೆಚ್ಚು ಸಿಟ್ಟು ಬಂತು. ಅಷ್ಟು ದಿನ ಒಳಗೇ ಕುದಿದದ್ದೆಲ್ಲ ಉಕ್ಕಿತು.

"ನಿಮ್ಮ ಮನಸ್ಸು ತಿರುಗಿದೆ ಅಂದ್ಕೊಂಡು ನಾನು ಊಟ ಬಿಟ್ಟಿದೀನಿ, ಗೊತ್ತಾ? ಬಿಡೋದೋ ಹಿಡಿಯೋದೋ, ಅದನ್ನ ನಾನು ತೀರ್ಮಾನ ಮಾಡಬೇಕು. ವಿಷಯಾನೇ ಹೇಳದೆ ನನ್ನಿಷ್ಟ ನಡೆಸಿಕೊಟ್ರೆ, ಅದೂ ನನ್ನನ್ನ ಕೇಳದೆ ಮಾಡಿದ ಹಾಗೇ ಅಲ್ವಾ?"

ಸದಾಶಿವ ಸ್ಪಾನರ್ ಕೆಳಗಿಟ್ಟರು. "ಹೌದು" ಎಂದರು. ಇನ್ನೇನೂ ಸಮಜಾಯಿಷಿ ಕೊಡಲಿಲ್ಲ. ಆ ಒಂದು ಹೌದು ನನ್ನ ಸಿಟ್ಟನ್ನೆಲ್ಲ ಇಳಿಸಿತು. ಆಗ ನಾನೂ ಸಿಂಧು ಕೇಳಿದ ಪ್ರಶ್ನೆಯನ್ನು ಅವರ ಮುಂದಿಟ್ಟೆ.

"ಇದನ್ನ ಕೇಳೋದಕ್ಕೆ ಇಷ್ಟು ದಿನ ಬೇಕಾಯ್ತಾ ನಿಮಗೆ?" ಎಂದರು. "ಅವರ ಫೋಟೋ ಹಾಲ್‌ನಲ್ಲೇ ಇರ್ಲಿ. ಪಕ್ಕದಲ್ಲಿ ಲಲಿತಾದು. ಮನೆಗೆ ಬಂದೋರಿಗೆ ನಾವು ಎಲ್ಲಿಂದ ಬಂದೋರು ಅಂತ ಗೊತ್ತಾಗಲಿ."

ಮಂಚದ ಒಂದು ತುದಿ ಅವರು ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ಯಾರದೋ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರೊಬ್ಬರಿಗೆ ಅದನ್ನು ಕೊಡುವುದಿತ್ತಂತೆ. ನಡುಮನೆಯ ಬಾಗಿಲಲ್ಲಿ ಅದು ಸಿಕ್ಕಿಹಾಕಿಕೊಂಡು, ಇಬ್ಬರೂ ಬೆವತು, ಕೊನೆಗೆ ಅಡ್ಡ ತಿರುಗಿಸಿ ಹೊರಗೆ ತಂದೆವು. ಅಜ್ಜಿ ಜೋಳ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿತು. "ಇವ್ರೇನಾ?" ಎಂದಿತು. ಸದಾಶಿವ "ಇವ್ರೇ" ಅಂದರು.

ಸಂಜೆಗೆ ಮುಂಚೆ ಬೇಲೂರಿಗೆ ವಾಪಸು ಬಂದು ಪೇಂಟ್ ಅಂಗಡಿಗೆ ಹೋದೆ. ಹಾಲುನೀಲಿ ಎಂದೆ. ಮನಸ್ಸಿಗೆ ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇವತ್ತಿಗೂ ನನ್ನನ್ನು ಕೇಳಿದರೆ ಎರಡರಲ್ಲಿ ಕೆರೆನೀಲಿಯೇ ಚೆಂದ ಅನ್ನುತ್ತೇನೆ. ಆದರೆ ಎಲ್ಲ ತಿಳಿದುಕೊಂಡು, ಯಾರೂ ತಳ್ಳದೆ, ನಾನಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟವಳಿಗೆ ಜಾವಗಲ್ಲು ಬಂದದ್ದು ಗೊತ್ತಾಗದ ಹಾಗೆ ನಿದ್ದೆ ಬಂತು.

ಸೋಮವಾರ ಮಳೆ ಹೊಳವಾಯಿತು. ರಫೀಕ್ ಮೊದಲ ಕೋಟು ಹೊಡೆದ. ಬಿಸಿಲು ಸಿಕ್ಕಿತೆಂದು ಬಿಡದೆ ಎರಡನೆಯದನ್ನೂ ಮುಗಿಸಿದ. "ಆವಾಗ್ಲೇ ಹೇಳಿದ್ನಲ್ಲ ಮೇಡಂ, ಎರಡೂ ಒಂದೇ" ಎನ್ನುತ್ತಲೇ ಅರೇಹಳ್ಳಿಗೆ ಹೋದ. ಸಿಂಧುವಿಗೆ ನಾನು ಫೋನ್ ಮಾಡಿ ಒಂದೇ ಮಾತು ಹೇಳಿದೆ: ಫೋಟೋ ಇರುತ್ತೆ, ಹಾಲ್‌ನಲ್ಲೇ. ಅವಳು ಆಗಲೂ "ಸರಿ" ಅಂದಳಷ್ಟೇ. ಆದರೆ ಆ ವಾರದ ಕೊನೆಗೆ ಹಾಸನದಿಂದ ಅರಸೀಕೆರೆಗೆ ಹೋಗಿ, ಮಾವನ ಮನೆಯ ಗೋಡೆಯಿಂದ ಅಪ್ಪನ ಫೋಟೋವನ್ನು ತಾನೇ ಇಳಿಸಿ, ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬೇಲೂರಿಗೆ ಬಂದಳು. ಮಹೇಶ ಅವಳನ್ನು ತಡೆಯಲಿಲ್ಲವಂತೆ, ಬಸ್ಸಿನವರೆಗೆ ಬಂದು ಬಿಟ್ಟನಂತೆ.

ಸದಾಶಿವ ಸುತ್ತಿಗೆ ಮೊಳೆ ಹಿಡಿದು ನಿಂತಿದ್ದರು. "ಎಲ್ಲಿ ಹೊಡೀಲಮ್ಮ?" ಎಂದು ಅವಳನ್ನು ಕೇಳಿದರು.

ಸಿಂಧು ಗೋಡೆ ನೋಡಿದಳು, ಅವರನ್ನು ನೋಡಿದಳು. "ಸುತ್ತಿಗೆ ಕೊಡಿ ಅಂಕಲ್. ನಾನೇ ಹೊಡೀತೀನಿ." ಮೊದಲ ಮೊಳೆ ಸೊಟ್ಟಗಾಯಿತು. ಎರಡನೆಯದನ್ನು ಅವರು ಬೆರಳಲ್ಲಿ ಹಿಡಿದುಕೊಂಡರು, ಇವಳು ಹೊಡೆದಳು.

ಶ್ರಾವಣದಲ್ಲಿ ಕಚೇರಿಗೆ ಹೋಗಿ ಸಹಿ ಹಾಕಿ ಬಂದೆವು. ಸಿಂಧು ಇದ್ದಳು, ಬಸ್‌ಸ್ಟ್ಯಾಂಡಿನ ಕೆಲವರು ಬಂದಿದ್ದರು. ಮಹೇಶ ಬರಲಿಲ್ಲ. ನಾನು ಹಾರ ಹಾಕಿಕೊಂಡೇ ಗೇಟಿನ ಕಡೆ ನೋಡಿ ನೋಡಿ ಸೋತೆ.

ಗೌರಿ ಹಬ್ಬ ಬಂತು. ನಮ್ಮ ಕಡೆ ಅವತ್ತು ತವರಿನಿಂದ ಹೆಣ್ಣುಮಕ್ಕಳಿಗೆ ಮೊರದ ಬಾಗಿನ ಬರುತ್ತದೆ. ಯಜಮಾನರು ಹೋದ ಮೇಲೆ ಮಹೇಶ ಪ್ರತಿ ಹಬ್ಬಕ್ಕೂ ನನಗೆ ಸೀರೆ ತರುತ್ತಿದ್ದ. ಬಾಗಿನ ಮಾತ್ರ ನಿಂತುಹೋಗಿತ್ತು. ಗಂಡನಿಲ್ಲದವಳಿಗೆ ಅದನ್ನು ಕೊಡುವ ಪದ್ಧತಿಯಿಲ್ಲ. ಅವತ್ತು ಬೆಳಿಗ್ಗೆ ನಾನು ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದೆ. ಗೇಟಿನ ಸದ್ದಾಯಿತು. ಮಹೇಶ ನಿಂತಿದ್ದ, ಎರಡೂ ಕೈಯಲ್ಲಿ ಒಂದರ ಮೇಲೊಂದು ಮುಚ್ಚಿದ ಮೊರ. ಸಂದಿಯಲ್ಲಿ ಹಸಿರು ಬಳೆ ಕಾಣುತ್ತಿದ್ದವು. ಅಷ್ಟು ದೂರ ಬಸ್ಸಿನಲ್ಲಿ ಆ ಗಂಡಸು ಅದನ್ನು ಅಲುಗದ ಹಾಗೆ ಹಿಡಿದು ತಂದಿದ್ದ.

ನಾನು ಅರಿಶಿನದ ಕೈಯನ್ನೇ ಮುಂದೆ ಚಾಚಿ ತೆಗೆದುಕೊಂಡೆ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಹಾಲ್‌ನ ನಡುವೆ ನಿಂತು, ಗೋಡೆಯ ಮೇಲಿದ್ದ ಎರಡು ಫೋಟೋಗಳನ್ನೂ ನೋಡಿದ. ತನ್ನ ಮನೆಯಲ್ಲಿದ್ದದ್ದಕ್ಕೆ ಕೈ ಮುಗಿದ. ಒಂದು ಗಳಿಗೆ ತಡೆದು ಲಲಿತಾರದಕ್ಕೂ ಮುಗಿದ.

"ಭಾವ ಎಲ್ಲಕ್ಕಾ?" ಎಂದ.

ನಾನು ತಬ್ಬಿಬ್ಬಾಗಿ ಫೋಟೋ ಕಡೆ ನೋಡಿದೆ.

"ಅವ್ರು ಅಲ್ಲೇ ಅವ್ರಲ್ಲ. ನಾ ಕೇಳಿದ್ದು ಈ ಭಾವನ್ನ. ಹಬ್ಬದ ದಿನಾನೂ ಡ್ಯೂಟಿಗೆ ಹೋಗವ್ರಾ?"

ಹಿತ್ತಲಲ್ಲಿ ಬಾಳೆಎಲೆ ಕೊಯ್ಯುವ ಸದ್ದು ಕೇಳುತ್ತಿತ್ತು. ಮೊರವನ್ನು ಎದೆಗವಚಿಕೊಂಡೇ ಹಿಂಬಾಗಿಲಿಗೆ ಹೋದೆ.

"ರೀ, ಬನ್ನಿ ಇಲ್ಲಿ" ಎಂದು ಕೂಗಿದೆ. "ನಿಮ್ಮ ಬಾಮೈದ ಬಂದಿದಾನೆ."